ಕೈಕಾಲು ತೊಳೆದ ನೀರಿನ ನೆರಳು

ಆಳಂದದ ಹಳೆಯ ಕಾಳಿನ ಪೇಟೆಯಲ್ಲಿ ಒಂದು ಬಯಲಿದೆ. ಮೂರು ಕಡೆ ಕಾಳಿನ ದಲ್ಲಾಳಿಗಳ ಅಡತಿ ಅಂಗಡಿಗಳು, ನಾಲ್ಕನೆಯ ಕಡೆ ಮಸೀದಿಯ ಗೋಡೆ, ನಡುವೆ ಫರ್ಸಿ ಕಲ್ಲು ಹಾಸಿದ ನೆಲ. ಹಿರೋಳ್ಳಿ ಕಡೆಯಿಂದ ಬರುವ ಜೋಳ, ಕಡಲೆ, ತೊಗರಿ ಇಲ್ಲಿ ಇಳಿಯುತ್ತದೆ. ಹೆಣ್ಣುಮಕ್ಕಳು ಅದನ್ನು ಜರಡಿ ಹಿಡಿದು, ಮೊರದಲ್ಲಿ ಕೇರಿ, ಗಾಳಿಗೆ ತೂರಿ ಹಸನು ಮಾಡುತ್ತಾರೆ. ಹಮಾಲರು ಮತ್ತೆ ಚೀಲ ತುಂಬಿ ಲಾರಿಗೆ ಏರಿಸುತ್ತಾರೆ. ಏಪ್ರಿಲ್ ಬಂತೆಂದರೆ ಈ ಕಲ್ಲಿನ ಮೇಲೆ ಅಂಗೈ ಊರಲು ಆಗುವುದಿಲ್ಲ. ಹಗಲೆಲ್ಲ ಕುಡಿದ ಬಿಸಿಯನ್ನು ಅದು ಹೊತ್ತು ಮುಳುಗಿದ ಮೇಲೂ ಉಗುಳುತ್ತಲೇ ಇರುತ್ತದೆ.

ನಮ್ಮದು ಸಣ್ಣ ತಂಡ. ಊರೊಳಗೆ ಬಿಸಿ ವಿಪರೀತವಾದ ಜಾಗಗಳನ್ನು ಗುರುತಿಸಿ, ಅಲ್ಲಿ ಗಿಡ, ನೆರಳು, ನೀರಿನ ಏರ್ಪಾಟು ಮಾಡಿ ತಂಪು ತರುವುದು ನಮ್ಮ ಕೆಲಸ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಡೆ ಒಂದೊಂದು ಜಾಗ ನಮಗೆ ಬಂದಿತ್ತು. ಅಫಜಲಪುರದ್ದು ಅಷ್ಟು ತ್ರಾಸಿನದಲ್ಲ, ಭೀಮಾ ಹತ್ತಿರದಲ್ಲೇ ಇದೆ. ಜೇವರ್ಗಿಯದು ಕೊನೆಗೆ ಅಂತ ಇಟ್ಟುಕೊಂಡಿದ್ದೆವು. ಆಳಂದದ್ದು ನನ್ನ ಕೊರಳಿಗೆ ಬಿತ್ತು. ನಾನು ಅದೇ ಊರಿನವನು, ಎಲ್ಲರೂ ಪರಿಚಯದವರು, ಕೆಲಸ ಬೇಗ ಆಗುತ್ತದೆ ಎಂದರು. ಪರಿಚಯದವರ ನಡುವೆ ಕೆಲಸ ಬೇಗ ಆಗುತ್ತದೆ ಎಂದು ನಂಬುವವರು ಸ್ವಂತ ಊರಿನಲ್ಲಿ ಎಂದೂ ಕೆಲಸ ಮಾಡಿರುವುದಿಲ್ಲ.

ಹಿಂದಿನ ಮೇ ತಿಂಗಳಲ್ಲಿ ಈ ಬಯಲಿನಲ್ಲಿ ಒಬ್ಬ ಹಿರಿಯ ಹೆಣ್ಣುಮಗಳು ಕಾಳು ಕೇರುತ್ತ ಕುಳಿತಲ್ಲೇ ಮೊರದ ಮೇಲೆ ಬಿದ್ದಿದ್ದರು. ಬಿಸಿಲಿಗೆ ಮೈ ಕೆಂಡವಾಗಿತ್ತಂತೆ, ಬೆವರು ನಿಂತುಹೋಗಿತ್ತಂತೆ. ಆಸ್ಪತ್ರೆಗೆ ಒಯ್ಯುವುದು ತಡವಾಗಲಿಲ್ಲ, ಬದುಕಿಕೊಂಡರು. ಕಾಳು ಹಸನು ಮಾಡುವ ಗುಂಪಿಗೆ ಅವರೇ ಹಿರಿಯರು. ಎಲ್ಲರೂ ದೊಡ್ಡವ್ವ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಅವರ ಮಗಳು ಆಶಾ ಕಾರ್ಯಕರ್ತೆ. ಬಿಸಿಲು ಹೊಡೆದವರಿಗೆ ಏನಾಗುತ್ತದೆಂದು ಕಣ್ಣಾರೆ ಕಂಡವಳು. ಬೆಳಿಗ್ಗೆ ಹತ್ತರ ಮೇಲೆ ಬಯಲಿಗೆ ಕಾಲಿಡಕೂಡದು ಎಂದು ಅವ್ವನಿಗೆ ಕಟ್ಟುನಿಟ್ಟು ಮಾಡಿದ್ದಳು. ಆದರೆ ಗಾಡಿಗಳು ಬಂದು ಕಾಳು ಸುರಿಯುವುದೇ ಹತ್ತರ ಹೊತ್ತಿಗೆ. ಹತ್ತಕ್ಕೆ ಮನೆಗೆ ಹೋಗುವವರಿಗೆ ಕೆಲಸ ಸಿಗುವುದಿಲ್ಲ.

ನಾನು ಜಾಗ ಅಳೆಯಲು ಹೋದ ಮೊದಲ ದಿನವೇ ದೊಡ್ಡವ್ವ ಬಂದು ನಿಂತರು. ಏನು ಮಾಡುತ್ತೀರಿ, ಯಾವಾಗ ಆಗುತ್ತದೆ, ನೆರಳು ಎಲ್ಲಿ ಬೀಳುತ್ತದೆ ಎಂದು ವಿಚಾರಿಸಿದರು. ಆಮೇಲೆ ಅಂದರು:

"ನಾ ಯಾರ ಮುಂದೂ ಕೈ ಒಡ್ಡಿ ಉಂಡಾಕಿ ಅಲ್ರಿ ಸಾಹೇಬ್ರ. ನೀವು ತಂಪು ಮಾಡಿಕೊಡ್ರಿ, ಮಗಳಿಗಿ ನಾ ಹೇಳ್ಕೋತೇನಿ."

ಮಗಳಿಗೆ ಹೇಳುವ ಕೆಲಸವನ್ನು ಕೊನೆಗೆ ನಾನೇ ಮಾಡಬೇಕಾಯಿತು. ದೊಡ್ಡವ್ವನ ಮನೆ ಬುದ್ಧ ವಿಹಾರದ ಹಿಂದಿನ ಓಣಿಯಲ್ಲಿದೆ. ಅಲ್ಲಿಗೆ ಹೋಗಿ ನಕ್ಷೆ ಬಿಚ್ಚಿ ತೋರಿಸಿದೆ. ಮಗಳು ನಕ್ಷೆ ನೋಡಲೇ ಇಲ್ಲ. ಮೇ ತಿಂಗಳಲ್ಲಿ ಮಧ್ಯಾಹ್ನ ಬಂದು ನೀವೇ ಕೂತು ನೋಡಿ, ಸರಿ ಅನ್ನಿಸಿದರೆ ಅವ್ವನನ್ನು ಕಳಿಸಿ ಎಂದೆ. ಒಪ್ಪಿದಳು.

"ಆದ್ರ ನಾ ಹೇಳಿ ಬರಂಗಿಲ್ರಿ ಸರ್. ನನಗ ತಿಳದಾಗ ಬರ್ತೇನಿ" ಎಂದಳು.

ನಮಗೆ ಮಂಜೂರಾಗಿ ಬಂದ ನಕ್ಷೆಯಲ್ಲಿ ಬಯಲಿನ ನಡುವೆ ಒಂದು ಕಾರಂಜಿ ಇತ್ತು. ಸುತ್ತ ಮಂಜಿನಂತೆ ನೀರು ಚಿಮುಕಿಸುವ ನಳಿಗೆಗಳು. ಒಣ ಹವೆಯಲ್ಲಿ ನೀರು ಆರುವಾಗ ಸುತ್ತಲಿನ ಬಿಸಿಯನ್ನು ಎಳೆದುಕೊಳ್ಳುತ್ತದೆ, ಇದು ಸರಿಯಾದ ಲೆಕ್ಕವೇ. ನಮ್ಮ ಕಡೆಯ ಹವೆಗೆ ಚೆನ್ನಾಗಿಯೇ ಹೊಂದುತ್ತದೆ. ಹೊಂದದೇ ಇದ್ದದ್ದು ಕಾಳಿಗೆ. ಅಡತಿಯವರನ್ನು ಕೂಡಿಸಿ ವಿವರಿಸುತ್ತಿದ್ದಂತೆ ಒಬ್ಬರು ಒಳಗೆ ಹೋಗಿ ಒಂದು ಮುಷ್ಟಿ ಜೋಳ ತಂದರು, ನನ್ನ ಕುಡಿಯುವ ನೀರಿನ ಬಾಟಲಿಯಿಂದ ನಾಲ್ಕು ಹನಿ ಚಿಮುಕಿಸಿ ನನ್ನ ಅಂಗೈಗೆ ಸುರಿದರು. ಹಸಿ ಹತ್ತಿದ ಕಾಳನ್ನು ಯಾರೂ ಕೊಳ್ಳುವುದಿಲ್ಲ, ಇಟ್ಟರೆ ಬೂಸಲು ಹಿಡಿಯುತ್ತದೆ. ಕಾರಂಜಿ ಅಲ್ಲಿಗೆ ಮುಗಿಯಿತು.

ನಾನು ಅದಕ್ಕೆ ಬಹಳ ಕೊರಗಲಿಲ್ಲ. ಕಾರಂಜಿಗೆ ನೀರು ಎಲ್ಲಿಂದ ಎಂಬ ಪ್ರಶ್ನೆಗೆ ನನ್ನ ಹತ್ತಿರವೂ ಉತ್ತರವಿರಲಿಲ್ಲ. ಬೋರಿನ ನೀರು ಸುಣ್ಣದಂಥ ಗಡಸು. ನಳಿಗೆಯ ತೂತುಗಳಿಗೆ ಬಿಳಿ ಪೊರೆ ಕಟ್ಟಿ ಮುಚ್ಚಿಹೋಗುತ್ತವೆ. ಬೇಸಿಗೆ ನಡುವೆ ಬೋರೇ ಬತ್ತುವುದೂ ಉಂಟು. ಟ್ಯಾಂಕರ್ ತರಿಸಬಹುದಿತ್ತು. ಆದರೆ ನಳ ಬರುವ ದಿನಕ್ಕಾಗಿ ಕೊಡ ಸಾಲಿಟ್ಟು ಕಾಯುವವರ ಕಣ್ಣೆದುರು ಟ್ಯಾಂಕರ್ ನೀರನ್ನು ಆಕಾಶಕ್ಕೆ ಚಿಮ್ಮಿಸುವುದು ನನ್ನಿಂದ ಆಗುವ ಕೆಲಸವಲ್ಲ. ಯಾರ ಕುಡಿಯುವ ನೀರನ್ನೂ ಮುಟ್ಟದೆ ತಂಪು ಮಾಡಬೇಕು, ಇಲ್ಲದಿದ್ದರೆ ಬೇಡ ಎಂದು ತೀರ್ಮಾನಿಸಿ ಕುಳಿತೆ. ಕುಳಿತದ್ದರಿಂದ ಏನೂ ಹೊಳೆಯಲಿಲ್ಲ.

ಹೊಳೆದದ್ದು ರಂಜಾನಿನಲ್ಲಿ. ನಾನು ದಿನಾ ನಮಾಜಿಗೆ ಹೋಗುವವನಲ್ಲ. ರಂಜಾನ್ ಬಂದರೆ ಮಾತ್ರ ನಿಯತ್ತಿನವನಾಗುತ್ತೇನೆ, ಉಳಿದಂತೆ ಶುಕ್ರವಾರ, ಅದೂ ಸೈಟಿನಲ್ಲಿ ಇಲ್ಲದಿದ್ದರೆ. ಒಂದು ದಿನ ಬಯಲಿಗೆ ಹೊಂದಿಕೊಂಡ ಮಸೀದಿಯಲ್ಲೇ ಜೋಹರ್ ನಮಾಜಿಗೆ, ಅಂದರೆ ಮಧ್ಯಾಹ್ನದ ನಮಾಜಿಗೆ, ಹೋಗಿದ್ದೆ. ನಮಾಜಿಗೆ ಮುಂಚೆ ಕೈ, ಬಾಯಿ, ಮುಖ, ಕಾಲು ತೊಳೆಯುವ ವಜೂ ಮಾಡಲು ಸಾಲಿನಲ್ಲಿ ಕುಳಿತೆ. ಎರಡೂ ಬದಿಗೆ ಜನ. ನಳಗಳ ಕೆಳಗೆ ಉದ್ದನೆಯ ಕಾಲುವೆಯಲ್ಲಿ ಎಲ್ಲರ ನೀರು ಕೂಡಿ ಸದ್ದು ಮಾಡುತ್ತ ಹೋಗುತ್ತಿತ್ತು. ಸೋಪಿಲ್ಲ, ಎಣ್ಣೆಯಿಲ್ಲ, ಬರೀ ಮೈ ಮೇಲೆ ಹಾದ ನೀರು. ಎದ್ದು ಅದರ ಹಿಂದೆಯೇ ಹೋದೆ. ಗೋಡೆಯ ಆಚೆ ಅದು ಒಂದು ಗುಂಡಿಗೆ ಇಳಿದು ಇಂಗುತ್ತಿತ್ತು.

ಮಸೀದಿಯ ಉಸ್ತುವಾರಿ ನೋಡುವ ಮುತವಲ್ಲಿ ಚಾಚಾ ನನ್ನ ತಂದೆಯ ಗೆಳೆಯರು. ಆ ನೀರನ್ನು ಬಯಲಿನ ಗಿಡಗಳಿಗೆ ಕೊಡುತ್ತೀರಾ ಎಂದು ಕೇಳಿದೆ. ಹಿರಿಯರ ಹತ್ತಿರ ಮಾತಾಡಿ ಹೇಳುತ್ತೇನೆಂದರು, ಮಾತಾಡಿದರು, ಒಪ್ಪಿದರು. ಎರಡು ಷರತ್ತು ಹಾಕಿದರು. ವಜೂ ಮಾಡಿದ ನೀರು ಗಟಾರಕ್ಕೆ ಸೇರಕೂಡದು, ಯಾರೂ ಅದನ್ನು ತುಳಿಯಕೂಡದು. ಇನ್ನೊಂದು ಮಾತನ್ನೂ ಸ್ಪಷ್ಟ ಮಾಡಿದರು. ಮಸೀದಿಯ ಬಾವಿ ಜನ ಕೈಕಾಲು ತೊಳೆಯಲಿ ಎಂದು ದಾನವಾಗಿ ಬಿಟ್ಟದ್ದು. ಬಾವಿಯಿಂದ ನೇರವಾಗಿ ಗಿಡಕ್ಕೆ ಒಂದು ಕೊಡವನ್ನೂ ಕೊಡಲಾರೆ. ತೊಳೆದಾದ ಮೇಲೆ ಬಿದ್ದ ನೀರು ಎಷ್ಟಿದ್ದರೂ ನಿನ್ನದು ಎಂದರು. ನನಗೆ ಇದರಲ್ಲಿ ತಕರಾರು ಕಾಣಲಿಲ್ಲ.

ನೀರು ಎಷ್ಟು ಬೀಳುತ್ತದೆ ಎಂದು ಅಳೆದೆವು. ಕಾಲುವೆಯ ಬಾಯಿಗೆ ಡ್ರಮ್ಮು ಇಟ್ಟು, ಪ್ರತಿ ನಮಾಜಿನ ನಂತರ ಗುರುತು ಹಾಕುತ್ತ ಹೋದೆವು. ಒಂದು ದಿನದ ಅಳತೆ ನಂಬದೆ ವಾರವಿಡೀ ಅಳೆದೆವು. ಇದರಲ್ಲಿ ಒಂದು ಅನುಕೂಲ ಕಂಡು ನನಗೆ ಬಹಳ ಖುಷಿಯಾಯಿತು. ಬಿಸಿಲು ನೆತ್ತಿಗೆ ಬಂದಾಗ ಒಂದು ನಮಾಜು, ಇಳಿಯುವ ಮುಂಚೆ ಇನ್ನೊಂದು. ಬಯಲಿಗೆ ನೀರು ಬೇಕಾದ ಹೊತ್ತಿಗೆ ಸರಿಯಾಗಿ ನೀರು ಬೀಳುತ್ತಿತ್ತು. ಪಂಪು ಬೇಡ, ಕರೆಂಟು ಬೇಡ, ಕಾಯುವವನು ಬೇಡ. ಆ ವಾರ ನಾನು ಸಿಕ್ಕವರಿಗೆಲ್ಲ ಇದನ್ನೇ ಹೇಳುತ್ತ ತಿರುಗಿದೆ.

ಅಂದೋಲಾದ ಒಬ್ಬ ಮಿಸ್ತ್ರಿ ಕೆಲಸಕ್ಕೆ ಬಂದ. ಮಸೀದಿಯ ಗೋಡೆಯಿಂದ ಬಯಲಿನ ಆಚೆ ತುದಿಯವರೆಗೆ ಒಂದು ಪಟ್ಟಿಯಷ್ಟು ಫರ್ಸಿ ಎಬ್ಬಿಸಿದೆವು. ಗೋಡೆಯ ಬುಡದಲ್ಲಿ ಕೆಸರು ತಂಗುವ ತೊಟ್ಟಿ, ಅದರಾಚೆ ಗರಸು ಮತ್ತು ಇಟ್ಟಿಗೆ ಚೂರು ತುಂಬಿದ ಇನ್ನೊಂದು ತೊಟ್ಟಿ, ಅಲ್ಲಿಂದ ಮುಂದಕ್ಕೆ ಗೇಣಗಲದ ಕಾಲುವೆ. ಹಮಾಲರು ದಾಟುವ ಕಡೆ ಕಲ್ಲು ಮುಚ್ಚಿದೆವು. ಹೆಣ್ಣುಮಕ್ಕಳು ಕೂಡುವ ಕಡೆ ತೆರೆದೇ ಬಿಟ್ಟು, ಎರಡೂ ಬದಿಗೆ ಎತ್ತರದ ಅಂಚು ಕಟ್ಟಿ ಯಾರ ಕಾಲೂ ಬೀಳದಂತೆ ಮಾಡಿದೆವು. ತೆರೆದ ಕಡೆ ತಳಕ್ಕೆ ಒರಟು ಕಲ್ಲು ಹಾಕಿಸಿದೆ. ತೆಳ್ಳಗೆ ಹರಿದಷ್ಟೂ ನೀರು ಗಾಳಿಗೆ ಹೆಚ್ಚು ಸಿಗುತ್ತದೆ, ಆದರೂ ಕಾಳಿಗೆ ಹನಿ ಸಿಡಿಯುವುದಿಲ್ಲ.

ಮೊದಲ ಸಲ ನೀರು ಬಿಟ್ಟಾಗ ಅದು ಅರ್ಧ ದಾರಿಯಲ್ಲೇ ಮಾಯವಾಯಿತು. ಫರ್ಸಿಯ ಕೆಳಗೆ ಎರೆ ಮಣ್ಣು. ಬೇಸಿಗೆಗೆ ಬಾಯಿ ಬಿಟ್ಟು, ಕಾಲುವೆಯ ಸಂದಿಗಳನ್ನೂ ಬಿರುಕುಗೊಳಿಸಿತ್ತು. ನಾನೂ ಮಿಸ್ತ್ರಿಯೂ ಉಪವಾಸದ ಬಾಯಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಜಗಳವಾಡಲೂ ತ್ರಾಣವಿರಲಿಲ್ಲ. ಪುನಃ ಎಬ್ಬಿಸಿ, ತಳಕ್ಕೆ ಗರಸು ಕುಟ್ಟಿ, ಸಂದಿಗೆ ಸುಣ್ಣದ ಗಾರೆ ತುಂಬಿ, ಮಟ್ಟ ನೋಡುವ ನೀರಿನ ಕೊಳವೆ ಹಿಡಿದು ಇಳುಕಲು ಸರಿ ಮಾಡಿ ಹಾಸಿದೆವು. ಈ ಸಲ ನೀರು ಆಚೆ ತುದಿಯಲ್ಲಿ ಗಿಡಕ್ಕೆಂದು ತೋಡಿದ ಕೊನೆಯ ಗುಂಡಿಯವರೆಗೆ ಹೋಯಿತು.

ನೆರಳಿಗೆ ಬೇವು, ಹೊಂಗೆ ನೆಟ್ಟೆವು. ಆದರೆ ಅವು ನೆರಳು ಕೊಡುವ ಹೊತ್ತಿಗೆ ದೊಡ್ಡವ್ವನ ಮಗಳು ನಿವೃತ್ತಳಾಗಿರುತ್ತಾಳೆ. ಮೇ ತಿಂಗಳಿಗೆ ನೆರಳು ಬೇಕೆಂದರೆ ಬಳ್ಳಿಯೇ ಗತಿ. ಕಬ್ಬಿಣದ ಕಂಬ ನೆಟ್ಟು, ಮೇಲೆ ತಂತಿ ಎಳೆದು ಎತ್ತರದ ಚಪ್ಪರ ಮಾಡಿದೆವು. ಕೆಳಗೆ ಗಾಳಿ ಆಡಬೇಕು, ಇಲ್ಲದಿದ್ದರೆ ಕಾಳು ತೂರಲು ಬರುವುದಿಲ್ಲ. ಹೆಣ್ಣುಮಕ್ಕಳು ಹೀರೇ ಬಳ್ಳಿಯೇ ಬೇಕೆಂದು ಪಟ್ಟು ಹಿಡಿದರು. ಕಾಯಿ ಯಾರಿಗೆ ಎಂಬ ವಾದ ಬೀಜ ಮೊಳೆಯುವ ಮೊದಲೇ ಶುರುವಾಯಿತು. ನೆಟ್ಟ ಬೀಜಗಳು ನೀರಿನ ರುಚಿ ಸಿಕ್ಕು ಕಂಬ ಹಿಡಿದು ಏರಿದವು. ಈದ್ ಬರುವಷ್ಟರಲ್ಲಿ ಚಪ್ಪರದ ಅರ್ಧಕ್ಕೆ ಹಬ್ಬಿದ್ದವು.

ಈದಿನ ಮಾರನೆಯ ದಿನ ನಾನು ಮಲಗಿದ್ದೆ. ಮೂರನೆಯ ದಿನ ಅಫಜಲಪುರಕ್ಕೆ ಹೋದೆ, ಅಲ್ಲಿನ ಕೆಲಸ ನೋಡಲು. ವಾರ ಕಳೆದು ಆಳಂದಕ್ಕೆ ಬಂದಾಗ ದೂರದಿಂದಲೇ ತಿಳಿಯಿತು. ಗೋಡೆಯ ಹತ್ತಿರದ ಬಳ್ಳಿಗಳು ಹಸಿರಾಗಿದ್ದವು. ಬಯಲಿನ ಆಚೆ ತುದಿಯಲ್ಲಿ, ದೊಡ್ಡವ್ವ ಎಷ್ಟೋ ವರ್ಷಗಳಿಂದ ಕೂಡುತ್ತಿದ್ದ ಜಾಗದ ಮೇಲೆ, ಎಲೆಗಳು ಸುಟ್ಟ ಕಾಗದವಾಗಿ ಮುದುಡಿದ್ದವು. ಕಾಲುವೆ ಅರ್ಧದವರೆಗೆ ಒದ್ದೆ, ಆಮೇಲೆ ಒಣ. ಮೊದಲು ಬಿರುಕು ಎಂದುಕೊಂಡೆ. ಮಿಸ್ತ್ರಿಯನ್ನು ಕರೆಸಿದೆ. ಆತ ಮೊಣಕಾಲೂರಿ ಸಂದಿ ಸಂದಿ ಮುಟ್ಟಿ ನೋಡಿ, ಕಾಲುವೆಯಲ್ಲಿ ದೋಷವಿಲ್ಲ, ನೀರೇ ಬರುತ್ತಿಲ್ಲ ಎಂದ.

ಜೋಹರ್ ಹೊತ್ತಿಗೆ ಮಸೀದಿಯೊಳಗೆ ಹೋಗಿ ನೋಡಿದೆ. ವಜೂ ಮಾಡುವ ಸಾಲಿನಲ್ಲಿ ಬೆರಳೆಣಿಕೆಯಷ್ಟು ಮುದುಕರು ಕುಳಿತಿದ್ದರು. ಮಿಕ್ಕ ನಳಗಳ ಮೇಲೆ ಗುಬ್ಬಿ ಕೂತಿದ್ದವು. ಅಲ್ಲೇ ನಿಂತು ನನಗೆ ನಗು ಬಂತು. ನಾವು ಅಳೆದದ್ದು ರಂಜಾನಿನ ನೀರು. ವರ್ಷದಲ್ಲಿ ಒಂದೇ ತಿಂಗಳು ಇಡೀ ಪೇಟೆ ಮಸೀದಿಯೊಳಗೆ ಇರುವ ಕಾಲದ ನೀರು. ನಾನು ಅಳೆದೆ, ಮಿಸ್ತ್ರಿ ಅಳೆದ, ಮುತವಲ್ಲಿ ಚಾಚಾ ದಿನಾ ಬಂದು ಡ್ರಮ್ಮಿನ ಗುರುತು ನೋಡಿ ಮೆಚ್ಚಿದರು. ಮೂವರಲ್ಲಿ ಒಬ್ಬರಿಗೂ ಈದಿನ ಮರುದಿನ ನೆನಪಾಗಲಿಲ್ಲ. ಈದ್ ಮುಗಿದ ಮೇಲೆ ಮಸೀದಿ ಬಿಡುವವರ ಪೈಕಿ ಮೊದಲನೆಯವನು ನಾನೇ. ಆದರೂ ಹೊಳೆಯಲಿಲ್ಲ.

ಚಾಚಾ ನನ್ನ ಮುಖ ನೋಡಿ ಎಲ್ಲ ಅರ್ಥ ಮಾಡಿಕೊಂಡರು. ನನ್ನ ಹತ್ತಿರ ಅವರು ಉರ್ದುವಿನಲ್ಲೇ ಮಾತಾಡುವುದು.

"ರೋಜ್ ಆಯಾ ಕರೋ ಮಿಯಾ" ಎಂದರು. ದಿನಾ ಬರುತ್ತಿರು, ನಿನ್ನ ಪಾಲಿನ ಒಂದು ಬಳ್ಳಿಯಾದರೂ ಉಳಿಯುತ್ತದೆ ಎಂದು ಛೇಡಿಸಿದರು.

ಏಪ್ರಿಲ್ ಮುಗಿಯುತ್ತ ಬಂದಿತ್ತು. ದೊಡ್ಡವ್ವನ ಮಗಳು ಯಾವತ್ತಾದರೂ ಬರಬಹುದು. ಅಡತಿಯವರು ಒಳ್ಳೆಯವರು, ನಮ್ಮ ಸಂಕಟ ಕಂಡು ಟ್ಯಾಂಕರ್ ಹಾಕಿಸುತ್ತೇವೆ ಎಂದರು. ಬೇಡವೆಂದೆ. ಮಿಸ್ತ್ರಿಯದು ಇನ್ನೊಂದು ಸಲಹೆ. ಗೋಡೆಯ ಹತ್ತಿರದ ಬಳ್ಳಿಗಳನ್ನು ಕಿತ್ತರೆ ಇದ್ದ ನೀರು ತುದಿಗೆ ಮುಟ್ಟುತ್ತದೆ, ಅಥವಾ ತುದಿಯದನ್ನು ಬಿಟ್ಟು ಗೋಡೆಯ ಹತ್ತಿರವೇ ಎಲ್ಲರನ್ನೂ ಕೂಡಿಸಬೇಕು. ಎರಡನೆಯದು ಆಗುವಂತಿರಲಿಲ್ಲ, ಗೋಡೆಯ ಹತ್ತಿರ ಲಾರಿ ತಿರುಗುತ್ತವೆ. ಮೊದಲನೆಯದಕ್ಕೆ ಮನಸ್ಸು ಒಪ್ಪಲಿಲ್ಲ, ಆದರೂ ಕುಡುಗೋಲು ತರಿಸಿದೆ. ಅರ್ಧ ನೆರಳಾದರೂ ಉಳಿಯಲಿ ಎಂದು.

ಬಳ್ಳಿ ಕಡಿಯಬೇಕಾದ ದಿನ ಮಧ್ಯಾಹ್ನ ನಾನು ಸುಮ್ಮನೆ ಅಡತಿ ಅಂಗಡಿಯ ಕಟ್ಟೆ ಮೇಲೆ ಕುಳಿತಿದ್ದೆ. ಜೋಳದ ಲಾರಿ ಇಳಿಸಿದ ಹಮಾಲರು ಮೈ ತುರಿಸಿಕೊಳ್ಳುತ್ತ ಸಾಲಾಗಿ ಬಯಲು ದಾಟಿ ಹೊರಟರು. ಜೋಳದ ಸುಂಕು ಎಂಬ ನವಿರು ಧೂಳು ಬೆವರಿನ ಮೈಗೆ ಹತ್ತಿದರೆ ಚರ್ಮ ಕಿತ್ತು ಬರುವಂತೆ ತುರಿಸುತ್ತದೆ. ಎಲ್ಲಿಗೆ ಹೊರಟಿರಿ ಎಂದೆ. ಬಸ್ ನಿಲ್ದಾಣದ ಕಡೆಯ ಬೋರಿಗೆ, ತೊಳೆದುಕೊಂಡು ಬರುತ್ತೇವೆ ಎಂದರು. ದಿನಕ್ಕೆ ಎಷ್ಟು ಸಲ ಹೀಗೆ ಎಂದೆ. ಲಾರಿ ಇಳಿಸಿದಾಗಲೆಲ್ಲ ಎಂದರು. ನಾನು ಕುಡುಗೋಲು ವಾಪಸು ಕಳಿಸಿ ಚಾಚಾನ ಹತ್ತಿರ ಓಡಿದೆ.

ನನ್ನ ಲೆಕ್ಕ ಅವರ ಮಾತಿನಿಂದಲೇ ಹುಟ್ಟಿದ್ದು. ಬಾವಿ ಜನ ತೊಳೆದುಕೊಳ್ಳಲಿ ಎಂದು ಇರುವುದು. ನಮಾಜಿಗೇ ತೊಳೆಯಬೇಕು ಎಂದು ದಾನ ಬಿಟ್ಟವರು ಹೇಳಿದ್ದಾರೆಯೇ? ಮಸೀದಿಯ ಹೊರಗೋಡೆಗೆ, ಬಯಲಿನ ಕಡೆಗೆ, ಇನ್ನೊಂದು ಸಾಲು ನಳ ಹಚ್ಚೋಣ. ಪೇಟೆಯಲ್ಲಿ ದುಡಿಯುವವರು ಯಾರೇ ಆಗಲಿ ಅಲ್ಲಿ ಕೈಕಾಲು, ಮುಖ ತೊಳೆಯಲಿ. ಬಿದ್ದ ನೀರು ಅದೇ ತೊಟ್ಟಿಗೆ, ಅದೇ ಕಾಲುವೆಗೆ. ಚಾಚಾ ಗಡ್ಡ ನೀವಿಕೊಂಡರು. ಬಾವಿಯಲ್ಲಿ ನೀರಿದೆ ಎಂದರು. ಹಿರಿಯರನ್ನು ಕೇಳಬೇಕು ಎಂದರು. ಸೋಪು ಹಚ್ಚಬಾರದು, ಗುಟ್ಕಾ ಉಗುಳಬಾರದು, ಉಗುಳಿದ ದಿನ ನಳಕ್ಕೆ ಬೀಗ ಎಂದರು. ಕೊನೆಗೆ, ಇಷ್ಟು ವರ್ಷ ಅವರು ನಮ್ಮ ಗೋಡೆ ದಾಟಿ ಬಸ್ ನಿಲ್ದಾಣಕ್ಕೆ ಹೋಗುವುದನ್ನು ನೋಡುತ್ತ ಕುಳಿತಿದ್ದೆವಲ್ಲ ಎಂದು ತಮಗೆ ತಾವೇ ಹೇಳಿಕೊಂಡರು.

ಹಿರಿಯರೂ ಒಪ್ಪಿದರು. ನಳ ಹಚ್ಚಿದ ದಿನ ಹಮಾಲರು ಮುಗಿಬಿದ್ದರು. ಹೆಣ್ಣುಮಕ್ಕಳು ಒಂದು ಬದಿಗೆ ನಿಂತರು. ದೊಡ್ಡವ್ವ ಹಿಂದಿನ ದಿನ ಉಳಿದಿದ್ದ ಚೂರುಪಾರು ಕಾಳು ಹಸನು ಮಾಡಿ ಹತ್ತರೊಳಗೆ ಮನೆಗೆ ಹೊರಟವರು, ನಾನು ಕರೆದದ್ದಕ್ಕೆ ಬಂದರು. ನಳದ ಮುಂದೆ ಸ್ವಲ್ಪ ದೂರ ನಿಂತು, ಬಾಗಿ, ಎರಡೂ ಕೈ ಬೊಗಸೆ ಮಾಡಿ ಹಿಡಿದರು. ಯಾರೋ ಮೇಲಿಂದ ನೀರು ಹೊಯ್ಯಲಿ ಎಂದು ಕಾಯುವ ಹಾಗೆ. ಒಂದು ಕ್ಷಣ ಯಾರಿಗೂ ತಿಳಿಯಲಿಲ್ಲ, ಆಮೇಲೆ ಎಲ್ಲರಿಗೂ ತಿಳಿಯಿತು. ಸಣ್ಣವರಿದ್ದಾಗ ತಮಗೆ ಮುಟ್ಟಗೊಡದ ಊರ ಬಾವಿಯ ಹತ್ತಿರ ಕಲಿತ ಅಭ್ಯಾಸ ಅದು. ನನಗೆ ನಾಚಿಕೆಯಾಯಿತು.

"ಆಯೀ, ನೀವೇ ತಿರುವ್ರಿ, ನಿಮ್ದೇ ನಳ ಅದ" ಎಂದರು ಚಾಚಾ.

ದೊಡ್ಡವ್ವ ತಿರುವಿದರು. ಮುಖ ತೊಳೆದುಕೊಂಡರು, ಕಾಲು ತೊಳೆದುಕೊಂಡರು, ನಳ ಗಟ್ಟಿಯಾಗಿ ಬಂದ್ ಮಾಡಿದರು. ಸೆರಗಿನಿಂದ ಮುಖ ಒರೆಸಿಕೊಂಡು, ನೀರು ಬಹಳ ತಣ್ಣಗಿದೆ ಎಂದಷ್ಟೇ ಹೇಳಿ ಮನೆಗೆ ಹೋದರು.

ನೀರು ಮತ್ತೆ ತುದಿ ಮುಟ್ಟಿತು. ಸುಟ್ಟ ಬಳ್ಳಿಗಳು ಬುಡದಿಂದ ಹೊಸ ಚಿಗುರು ಒಡೆದವು. ನಡುವೆ ಒಂದು ಎಡವಟ್ಟೂ ಆಯಿತು. ಒಬ್ಬ ಹಮಾಲ ತೊಟ್ಟಿಯಲ್ಲಿ ಗುಟ್ಕಾ ಉಗುಳಿದ, ಚಾಚಾ ಹೇಳಿದಂತೆಯೇ ನಳಕ್ಕೆ ಬೀಗ ಬಿತ್ತು. ಎರಡು ದಿನ ಯಾರ ಮಾತಿಗೂ ಬೀಗ ತೆಗೆಯಲಿಲ್ಲ. ದೊಡ್ಡವ್ವ ಆ ಹಮಾಲನನ್ನು ಇಡೀ ಪೇಟೆ ಕೇಳುವಂತೆ ಬೈದು, ಅವನ ಕೈಯಿಂದಲೇ ತೊಟ್ಟಿ ತೊಳೆಸಿ, ಚಾಚಾನನ್ನು ಕರೆತಂದು ತೋರಿಸಿದ ಮೇಲೆಯೇ ಬೀಗ ಬಿಚ್ಚಿದ್ದು. ಆಮೇಲೆ ಯಾರೂ ಉಗುಳಲಿಲ್ಲ. ಚಾಚಾನ ಬೀಗಕ್ಕಿಂತ ದೊಡ್ಡವ್ವನ ಬಾಯಿಗೆ ಹೆದರಿ ಇರಬೇಕು.

ಮೇ ತಿಂಗಳ ನಡುವಿನ ಹೊತ್ತಿಗೆ ಚಪ್ಪರದ ಕೆಳಗೆ ನೆಲ ಪೂರ್ತಿ ಮುಚ್ಚುವಷ್ಟು ನೆರಳು ಬಂದಿತ್ತು. ಉಷ್ಣಮಾಪಕ ಹಿಡಿದು ಬಿಸಿಲಿನ ಫರ್ಸಿಗೂ ನೆರಳಿನ ನೆಲಕ್ಕೂ ಅಳೆದು ನೋಡಿದೆ. ವ್ಯತ್ಯಾಸ ನಾನು ಬರೆದುಕೊಟ್ಟಿದ್ದ ಅಂದಾಜಿಗಿಂತ ಹೆಚ್ಚೇ ಇತ್ತು. ಕಾಲುವೆಯಲ್ಲಿ ನೀರು ಹರಿಯುವಾಗ ಅದರ ಪಕ್ಕ ಕುಳಿತರೆ ಕಣಕಾಲಿಗೆ ತಂಪು ತಾಗುತ್ತಿತ್ತು. ಗಾಳಿ ಬೀಸಿದರೆ ಇನ್ನೂ ಹಿತ. ನಾನು ಇನ್ನು ಮಗಳು ಬರಲಿ ಎಂದು ಧೈರ್ಯದಿಂದ ಕಾಯತೊಡಗಿದೆ.

ಆಕೆ ಬಂದದ್ದು ಅಮಾವಾಸ್ಯೆಯ ದಿನ. ನಮ್ಮ ಕಡೆ ಅಮಾವಾಸ್ಯೆಗೆ ಹಮಾಲರು ಚೀಲ ಎತ್ತುವುದಿಲ್ಲ, ಪೇಟೆ ಬಂದ್. ಬಯಲಿನಲ್ಲಿ ಒಂದು ನರಪಿಳ್ಳೆ ಇಲ್ಲ. ಮಧ್ಯಾಹ್ನದ ಉರಿಬಿಸಿಲಿನಲ್ಲಿ ಆಕೆ ತಲೆಗೆ ಸೆರಗು ಹೊದ್ದು, ಹೆಗಲಿಗೆ ಚೀಲ ಹಾಕಿ ಒಬ್ಬಳೇ ಬಂದು ಅವ್ವನ ಜಾಗದಲ್ಲಿ ಕುಳಿತಿದ್ದಾಳೆಂದು ಚಾಚಾ ನನಗೆ ಫೋನ್ ಮಾಡಿ ಹೇಳಿದರು. ಓಡಿ ಹೋದೆ. ಕಾಲುವೆ ಒಣಗಿತ್ತು. ನಮಾಜಿಗೆ ಬಂದ ನಾಲ್ಕು ಜನರ ನೀರು ಅರ್ಧ ದಾರಿಗೇ ಆರಿಹೋಗಿತ್ತು.

ಇವತ್ತು ಅಮಾವಾಸ್ಯೆ, ದಿನಾ ಹೀಗಿರುವುದಿಲ್ಲ ಎಂದು ಹೇಳಲು ಹೊರಟೆ. ಆಕೆ ಕೈ ಅಡ್ಡ ಹಿಡಿದು ಸುಮ್ಮನಿರಲು ಹೇಳಿದಳು. ಕಲ್ಲಿನ ಮೇಲೆ ಅಂಗೈ ಊರಿ ನೋಡಿದಳು. ಎದ್ದು ಬಿಸಿಲಿಗೆ ಹೋಗಿ ಅಲ್ಲಿಯೂ ಊರಿದಳು, ತಟ್ಟನೆ ತೆಗೆದಳು. ಮತ್ತೆ ಬಂದು ಕುಳಿತಳು. ಬಳ್ಳಿಗಳ ಬುಡದ ಮಣ್ಣನ್ನು ಬೆರಳಿನಿಂದ ಕೆದಕಿದಳು, ಒಳಗೆ ತೇವವಿತ್ತು. ಆಮೇಲೆ ತನ್ನ ತೀರ್ಪು ಹೇಳಿದಳು.

"ನೆರಳ ಛಲೋ ಅದರಿ ಸರ್. ಆದ್ರ ಗಾಳಿ ಬಿಸಿ ಅದ. ನೀರು ಹರೀತಿದ್ರ ಅವ್ವ ಕೂಡ್ಲಿ. ನೀರು ಇಲ್ಲಿ ತನಕ ಬರ್ಲಿಲ್ಲಂದ್ರ ಎದ್ದು ಮನಿಗಿ ಬರ್ಬೇಕು. ಮ್ಯಾಲಿನ ಎಲಿ ಬಾಡ್ಯದೋ ಇಲ್ಲೋ ಬಗ್ಗಿ ಕೇರೋ ಆಕಿಗಿ ಕಾಣಂಗಿಲ್ಲ. ನೀರು ಕಾಣ್ತದ."

ನನ್ನ ಉಷ್ಣಮಾಪಕದ ಅಂಕಿಗಳೆಲ್ಲ ಹೇಳುತ್ತಿದ್ದದ್ದೂ ಅದನ್ನೇ. ಆಕೆ ಹೋಗುವಾಗ ಹೊರಗೋಡೆಯ ನಳದ ಹತ್ತಿರ ನಿಂತು ಮುಖ ತೊಳೆದುಕೊಂಡಳು. ಚಾಚಾ ಚಹಾ ತರಿಸುತ್ತೇನೆಂದರು, ಓಣಿಯಲ್ಲಿ ಒಬ್ಬ ಬಾಣಂತಿಯನ್ನು ನೋಡಬೇಕೆಂದು ಹೊರಟುಹೋದಳು.

ಅಮಾವಾಸ್ಯೆ ಮುಗಿದು ಪೇಟೆ ತೆರೆದ ದಿನದಿಂದ ದೊಡ್ಡವ್ವ ಪೂರ್ತಿ ದಿನಕ್ಕೆ ಬರತೊಡಗಿದರು. ಮಗಳ ಮಾತನ್ನು ಪಾಲಿಸಿದರು. ಆದರೆ ತಮ್ಮದೇ ರೀತಿಯಲ್ಲಿ. ನೀರು ತಮ್ಮ ಮುಂದೆ ಬರುವವರೆಗೆ ಕೂಡುತ್ತಿರಲಿಲ್ಲ. ಮೊರ ಕಂಕುಳಲ್ಲಿ ಇಟ್ಟುಕೊಂಡು ನಿಂತೇ ಇರುತ್ತಿದ್ದರು, ಮನೆಗೂ ಹೋಗುತ್ತಿರಲಿಲ್ಲ. ಬಯಲಿನಲ್ಲಿ ಯಾರು ಕಂಡರೂ ನಳದ ಕಡೆ ಅಟ್ಟುತ್ತಿದ್ದರು. ಹಮಾಲರು, ಅಡತಿಯವರು, ಗಾಡಿ ಹೊಡೆದುಕೊಂಡು ಬಂದ ರೈತರು, ಚಹಾದವನು, ಒಬ್ಬರನ್ನೂ ಬಿಡಲಿಲ್ಲ. ಅಡತಿಯವರೊಬ್ಬರು, ಬೆಳಿಗ್ಗೆಯೇ ಸ್ನಾನ ಮಾಡಿ ಬಂದಿದ್ದೇನೆ ತಾಯಿ ಎಂದು ಗೋಗರೆದದ್ದನ್ನು ನಾನೇ ಕೇಳಿದ್ದೇನೆ. ಬಯಲಿನ ನೀರಿನ ಲೆಕ್ಕ ನನ್ನ ಕೈಯಿಂದ ಹೀಗೆ ಜಾರಿ ಅವರ ಕೈಗೆ ಹೋಯಿತು, ಮತ್ತು ಸರಿಯಾಗಿ ನಡೆಯಿತು.

ಜೇವರ್ಗಿಯ ಕೆಲಸ ಶುರುವಾಗುವ ಮುಂಚೆ ಕೊನೆಯ ಸಲ ಬಯಲು ನೋಡಲು ಹೋದೆ. ಮಧ್ಯಾಹ್ನ. ಆ ದಿನ ಲಾರಿ ಕಡಿಮೆ, ನೀರು ಕಾಲುವೆಯ ಮುಕ್ಕಾಲು ದಾರಿಗೆ ಬಂದು ನಿಂತಿತ್ತು. ಒದ್ದೆಯ ಅಂಚು ಬಿಸಿಲಿಗೆ ಹಿಂದೆ ಸರಿಯುತ್ತಿರುವುದು ಕಣ್ಣಿಗೇ ಕಾಣುತ್ತಿತ್ತು. ದೊಡ್ಡವ್ವನ ಮುಂದೆ ಕಡಲೆಯ ರಾಶಿ, ಅವರು ಮೊರ ಹಿಡಿದು ನಿಂತಿದ್ದರು. ಸುತ್ತ ಅಟ್ಟಲು ಯಾರೂ ಉಳಿದಿರಲಿಲ್ಲ. ನಾನು ಇಳುಕಲು, ಆವಿ, ಹೀರಿಕೆ ಎಂದು ಮನಸ್ಸಿನಲ್ಲೇ ಏನೋ ಲೆಕ್ಕ ಹಾಕುತ್ತ ಕಾಲುವೆ ನೋಡುತ್ತಿದ್ದೆ.

"ಸಾಹೇಬ್ರ, ಅದನ್ನ ನೋಡಿದ್ರ ನೀರು ಬರ್ತದೇನ್ರಿ? ಹೋಗಿ ಕೈಕಾಲು ತೊಳ್ಕೊಂಡು ಬರ್ರಿ" ಎಂದರು.

ಹೋದೆ. ಬೂಟು ಬಿಚ್ಚಿ, ತೋಳು ಮಡಚಿ ಕುಳಿತೆ. ಚಾಚಾ ಒಳಗಿನಿಂದ ನೋಡಿ, ನಮಾಜಿಗೋ ಬಳ್ಳಿಗೋ ಎಂದು ಕೇಳಿದರು. ನಾನು ಮುಖ ತೊಳೆದೆ, ಕೈ ತೊಳೆದೆ, ಕಾಲು ತೊಳೆದೆ, ಮತ್ತೊಮ್ಮೆ ತೊಳೆದೆ. ನೀರು ತೊಟ್ಟಿಗೆ ಇಳಿದು, ಗರಸು ದಾಟಿ, ಕಲ್ಲಿನ ಕೆಳಗೆ ಮರೆಯಾಗಿ, ಆಚೆ ಮತ್ತೆ ಮೇಲೆ ಬಂತು. ನಾನು ಬೂಟು ಕೈಯಲ್ಲಿ ಹಿಡಿದು ಅದರ ಪಕ್ಕ ನಡೆದೆ. ಅದು ಒಣಗಿದ ಗುರುತು ದಾಟಿತು, ಕೊನೆಯ ಕಂಬ ದಾಟಿತು, ದೊಡ್ಡವ್ವನ ಮುಂದೆ ಬಂದು ನಿಂತಿತು.

ಅವರು ಒಮ್ಮೆ ನೀರು ನೋಡಿದರು, ನನ್ನ ಕಡೆ ನೋಡಲಿಲ್ಲ. ಕೆಳಗೆ ಕುಳಿತು ಮೊರಕ್ಕೆ ಕಡಲೆ ಸುರಿದುಕೊಂಡು ಕೇರತೊಡಗಿದರು.